ಹಸಿರು ಗಾಡಿಯ ಕಡೆ ನೋಡದೆ ಮಾಡಿದ ವ್ಯಾಪಾರ

ಮಾರ್ಚ್ ತಿಂಗಳ ಕೊನೆಯ ವಾರ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು, ಹೆಂಡತಿ, ಅಮ್ಮ ಮೂವರು ಚಿತ್ರದುರ್ಗದ ಹೆದ್ದಾರಿ ಪಕ್ಕದ ಒಂದು ಕಾರಿನ ಶೋರೂಮಿನ ಮುಂದೆ ಗಾಡಿ ನಿಲ್ಲಿಸಿದೆವು. ಕಾವಲುಗಾರ ಓಡಿ ಬಂದು, "ಲೋಡ್ ಗಾಡಿ ಹಿಂದಕ್ಕೆ ಹಾಕ್ರಿ, ಸರ್ವೀಸಿನ ಗೇಟು ಆ ಕಡೆ ಐತೆ," ಎಂದ. ತಪ್ಪು ಅವನದಲ್ಲ. ನಾವು ಬಂದದ್ದು ನಾನು ಕುರಿ ಸಾಗಿಸುವ ಪಿಕಪ್ಪಿನಲ್ಲಿ. ಹಿಂದಿನ ದಿನ ಎರಡು ಸಲ ತೊಳೆಸಿದ್ದೆ. ಆದರೂ ವಾಸನೆ ನಮಗಿಂತ ಮೊದಲೇ ಒಳಗೆ ಹೋಗಿ ನಮ್ಮ ಪರಿಚಯ ಹೇಳಿಬಿಟ್ಟಿತ್ತು.

ನಾನು ಕುರಿ ದಲ್ಲಾಳಿ. ಊರು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹೋಬಳಿಯಲ್ಲಿದೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಇಬ್ಬರ ಕೈಯನ್ನೂ ಟವೆಲ್ಲಿನ ಕೆಳಗೆ ಹಿಡಿದು, ಬೆರಳಲ್ಲೇ ರೇಟು ಹೇಳಿ ವ್ಯಾಪಾರ ಕುದುರಿಸುವುದು ನನ್ನ ಕೆಲಸ. ಸುತ್ತ ನೂರು ಜನ ನಿಂತಿದ್ದರೂ ಎಷ್ಟಕ್ಕೆ ನಡೀತು ಅನ್ನುವುದು ಆ ಟವೆಲ್ಲಿಗೆ ಮಾತ್ರ ಗೊತ್ತಿರುತ್ತದೆ. ಈ ಕಸುಬಿನಲ್ಲಿ ನಾನು ಕಲಿತ ಮೊದಲ ಪಾಠವೆಂದರೆ ಬೇಕಾದ ಕುರಿಯ ಕಡೆ ತಿರುಗಿಯೂ ನೋಡಬಾರದು. ಪಕ್ಕದ ಕುರಿಯ ಬಾಯಿ ತೆರೆಸಿ ಹಲ್ಲು ನೋಡಬೇಕು, ಬೆನ್ನು ಒತ್ತಿ ನೋಡಬೇಕು, ಅದರ ರೇಟು ಇಳಿಸಿಕೊಂಡು ಹೋಗಬೇಕು. ಕೊನೆಗೆ, ಹೊರಡುವಾಗ, "ಹೋಗ್ಲಿ ಬಿಡಪ್ಪ, ಅದೇ ರೇಟಿಗೆ ಈ ಬಡಕಲು ಕುರಿ ಕೊಡು," ಎಂದು ಬೇಕಾದದ್ದನ್ನು ಎತ್ತಿಕೊಂಡು ಬರಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ನಮ್ಮ ಸಂತೆಯಲ್ಲಿ ಇಲ್ಲ ಎಂದು ನಾನೇ ಹೇಳಿಕೊಳ್ಳುವುದಲ್ಲ, ನನ್ನಿಂದ ಮೋಸ ಹೋದೆವು ಅಂದುಕೊಂಡವರೂ ಹೇಳುತ್ತಾರೆ.

ಗಾಡಿ ಕೊಳ್ಳುತ್ತಿದ್ದದ್ದು ನನ್ನ ಹೆಂಡತಿ. ಅವಳು ಹಿರಿಯೂರಿನಲ್ಲಿ ಸರ್ಕಾರಿ ನರ್ಸು. ಸಾಲ ಅವಳ ಹೆಸರಿನಲ್ಲಿ, ಉಳಿತಾಯ ಅವಳದು, ಡ್ರೈವಿಂಗ್ ಕಲಿತದ್ದೂ ಅವಳೇ. ನನಗೆ ಒಪ್ಪಿಸಿದ್ದು ಒಂದೇ ಕೆಲಸ. "ಊರೋರಿಗೆಲ್ಲ ವ್ಯಾಪಾರ ಕುದುರಿಸಿ ಕೊಡ್ತೀರಲ್ಲ, ನಂಗೊಂದು ಕುದುರಿಸಿ ಕೊಡ್ರಿ. ರೋಡಿಗೆ ಬರೋ ಹೊತ್ತಿಗೆ ಹದಿನೇಳು ಲಕ್ಷ ದಾಟಬಾರದು. ಒಂದು ರೂಪಾಯಿ ದಾಟಿದ್ರೂ ನಂಗೆ ಕಂತು ಕಟ್ಟಾಕೆ ಆಗಲ್ಲ," ಎಂದಿದ್ದಳು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನ ಕಸುಬನ್ನು ನಂಬಿ ಒಂದು ಕೆಲಸ ಹೇಳಿದ್ದು ಅದೇ ಮೊದಲು. ನನಗೆ ರಾತ್ರಿ ನಿದ್ದೆ ಬರದಷ್ಟು ಹುರುಪು ಬಂದಿತ್ತು.

ದೊಡ್ಡ ಗಾಡಿ ಯಾಕೆಂದರೆ ಅಮ್ಮನಿಗಾಗಿ. ಹಿಂದಿನ ವರ್ಷ ಅವಳ ಎಡ ಮಂಡಿಯ ಆಪರೇಶನ್ ಆಗಿತ್ತು. ಕಾಲು ಪೂರ್ತಿ ಮಡಚುವುದಿಲ್ಲ. ಪಿಕಪ್ಪು ಹತ್ತಬೇಕಾದರೆ ಸ್ಟೂಲು ಇಟ್ಟು ಕೆಳಗಿನಿಂದ ಇಬ್ಬರು ಎತ್ತಬೇಕು. ದೊಡ್ಡ ಮಗಳನ್ನು ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಕೊಟ್ಟಿದ್ದೇವೆ. ಅವಳಿಗೆ ಮಗುವಾಗಿ ಐದು ತಿಂಗಳಾಗಿತ್ತು. "ಸಾಮಾನು ಎತ್ತಿದಂಗೆ ನನ್ನ ಎತ್ತಬ್ಯಾಡ್ರಿ, ನಾನು ಬರಲ್ಲ," ಎಂದು ಹಟ ಹಿಡಿದ ಅಮ್ಮ ಮರಿಮಗುವಿನ ಮುಖವನ್ನು ಫೋನಿನಲ್ಲೇ ನೋಡುತ್ತಿದ್ದಳು. ಅವತ್ತು ಮಾತ್ರ, ಹೊಸ ಗಾಡಿಯ ಆಸೆಗೆ, ಹಲ್ಲು ಕಚ್ಚಿ ಎತ್ತಿಸಿಕೊಂಡಿದ್ದಳು. ಜೀವಮಾನವೆಲ್ಲ ಕುರಿ ಹಿಂದೆ ನಡೆದವಳು, ಇನ್ನೊಬ್ಬರ ಕೈ ಹಿಡಿದು ಏಳುವುದು ಅವಳಿಗೆ ಸೇರುವುದಿಲ್ಲ.

ಶೋರೂಮಿನಲ್ಲಿ ನಮ್ಮನ್ನು ನೋಡಿಕೊಂಡವಳು ಮೂವತ್ತರ ಆಸುಪಾಸಿನ ಸೇಲ್ಸ್ ಮೇಡಂ, ಹೊಳಲ್ಕೆರೆ ಕಡೆಯ ಹೆಣ್ಣುಮಗಳು. ನಾವು ಯೋಚಿಸಿದ್ದ ಮಾಡೆಲ್ಲಿನಲ್ಲಿ ಹಿಂದಿನ ವರ್ಷ ತಯಾರಾದ ಎರಡು ಡೀಸೆಲ್ ಗಾಡಿ ಉಳಿದಿವೆ, ಅವಕ್ಕೆ ಮಾತ್ರ ರಿಯಾಯಿತಿ, ಹೊಸ ವರ್ಷದ ಗಾಡಿಗೆ ಎರಡು ತಿಂಗಳು ಕಾಯಬೇಕು ಎಂದು ಹೇಳಿ ಹಿಂದಿನ ಯಾರ್ಡಿಗೆ ಕರೆದುಕೊಂಡು ಹೋದಳು. ಒಂದು ಬಿಳಿ, ಒಂದು ಕಡು ಹಸಿರು. ಎಂಜಿನ್ ಒಂದೇ, ಬೆಲೆಯೂ ಹೆಚ್ಚು ಕಮ್ಮಿ ಒಂದೇ. ಬಿಳಿ ಗಾಡಿಯ ಮಧ್ಯದ ಸಾಲಿನಲ್ಲಿ ಮೂರು ಜನ ಕೂರುವ ಉದ್ದನೆಯ ಸೀಟು. ಹಸಿರಿನಲ್ಲಿ ಎರಡು ಬಿಡಿ ಕುರ್ಚಿ, ನಡುವೆ ಕಾಲು ಚಾಚುವಷ್ಟು ಸಂದು.

ಅಮ್ಮ ಯಾರನ್ನೂ ಕೇಳಲಿಲ್ಲ. ಹಸಿರು ಗಾಡಿಯ ಬಾಗಿಲ ಹಿಡಿಕೆ ಹಿಡಿದು, ಮೆಟ್ಟಿಲ ಮೇಲೆ ಬಲಗಾಲಿಟ್ಟು, ಮಡಚದ ಎಡಗಾಲನ್ನು ಆ ಸಂದಿಗೆ ತೂರಿಸಿ ಕುರ್ಚಿಯ ಮೇಲೆ ಕೂತೇಬಿಟ್ಟಳು. "ನೋಡ್ರೇ, ಯಾರ ಕೈನೂ ಬ್ಯಾಡ, ನಾನೇ ಹತ್ತಿದೆ," ಎಂದಳು. ಹೆಂಡತಿಯ ಕಣ್ಣು ಅಲ್ಲೇ ತುಂಬಿಕೊಂಡಿತು. ಅವಳು ನನ್ನ ತೋಳು ಹಿಂಡಿ, "ಇದೇ ರೀ," ಎಂದು ಪಿಸುಗುಟ್ಟಿದಳು.

ನನಗೂ ಆ ಕ್ಷಣ ಎದೆ ಉಬ್ಬಿತ್ತು. ಹಾಗೆ ಉಬ್ಬಿದ್ದರಿಂದಲೇ ಗಾಬರಿಯಾಯಿತು. ಸೇಲ್ಸ್ ಮೇಡಂ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನಗುತ್ತಿದ್ದಾಳೆ, ನಮ್ಮ ಆಸೆಯೆಲ್ಲ ಬೀದಿಗೆ ಬಿದ್ದಿದೆ, ಇನ್ನು ರೇಟು ಇಳಿದ ಹಾಗೆಯೇ. ನಾನು ಮುಖ ಸಿಂಡರಿಸಿ, "ಇಳಿಯಮ್ಮ ಕೆಳಕ್ಕೆ. ಇದೇನು ಪಾಚಿ ಬಣ್ಣ. ಕೆರೇಲಿ ಮುಳುಗಿಸಿ ಎತ್ತಿದಂಗೈತೆ. ಆರು ಸೀಟಿನ ಗಾಡಿ ತಗಂಡು ಏನು ಮಾಡಾಣ? ನಮಗೆ ಆ ಬಿಳೀದೇ ಸರಿ," ಎಂದೆ. ಅಮ್ಮ ನನ್ನನ್ನೇ ನೋಡಿದಳು. ಹತ್ತಿದಷ್ಟೇ ಸಲೀಸಾಗಿ ಇಳಿದಳು. ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿ, ಅಮ್ಮನಿಗೆ ಕಬ್ಬಿನ ಹಾಲು ಕುಡಿಸಿಕೊಂಡು ಬಾ ಎಂದು ಇಬ್ಬರನ್ನೂ ಹೊರಗೆ ಸಾಗಹಾಕಿದೆ.

ಆಮೇಲೆ ಒಂದೂವರೆ ಗಂಟೆ ಬಿಳಿ ಗಾಡಿಯ ಸುತ್ತ ನನ್ನ ಆಟ. ಕುರಿಗೆ ಹಲ್ಲು ನೋಡಿ ವಯಸ್ಸು ಹೇಳುವವನಿಗೆ ಗಾಡಿಯ ವಯಸ್ಸು ಕಂಡುಹಿಡಿಯುವುದು ಕಷ್ಟವೇನಲ್ಲ. ಚಾಸಿಸ್ ನಂಬರಿನಲ್ಲಿ ತಯಾರಾದ ವರ್ಷ, ತಿಂಗಳು ಎರಡೂ ಅಡಗಿರುತ್ತವೆ ಎಂದು ತಾಳ್ಯದ ಅಳಿಯ ಮೊದಲೇ ಹೇಳಿಕೊಟ್ಟಿದ್ದ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಬೆರಳಿಂದ ಧೂಳು ಒರೆಸಿ ಎಲ್ಲ ಓದಿದೆ. ಎರಡೂ ಗಾಡಿ ಹಿಂದಿನ ವರ್ಷದ ಏಪ್ರಿಲ್‌ನವು. ವೈಪರಿನ ರಬ್ಬರು ಬಿಸಿಲಿಗೆ ಗಟ್ಟಿಯಾಗಿತ್ತು. ಪಕ್ಕದ ಹಸಿರು ಗಾಡಿಯನ್ನೂ ಓರೆಗಣ್ಣಿನಲ್ಲೇ ನೋಡಿಕೊಂಡೆ, ಅದರ ವೈಪರು ಚೆನ್ನಾಗಿತ್ತು.

ಮೇಡಂ ಕೊಟೇಶನ್ ತಂದುಕೊಟ್ಟಳು. ರಸ್ತೆಗೆ ಬರುವ ಹೊತ್ತಿಗೆ ಹದಿನೆಂಟು ಲಕ್ಷ ಎಂಬತ್ತು ಸಾವಿರ. ಗಾಡಿಯ ಬೆಲೆ, ಸರ್ಕಾರದ ಜೀವಿತಾವಧಿ ತೆರಿಗೆ, ಇವೆರಡು ಅಲ್ಲಾಡುವಂಥವಲ್ಲ. ಅಲ್ಲಾಡುವುದೆಲ್ಲ ಕೆಳಗಿನ ಸಾಲುಗಳಲ್ಲಿ ಇರುತ್ತದೆ. ಹ್ಯಾಂಡ್ಲಿಂಗ್ ಹನ್ನೆರಡು ಸಾವಿರ ಅಂತಿತ್ತು.

"ಇದೇನಮ್ಮ ಹ್ಯಾಂಡ್ಲಿಂಗು?"

"ಗಾಡಿನ ಯಾರ್ಡಿಂದ ತಂದು, ತೊಳೆದು, ಕಾಗದ ಮಾಡಿಸಿ ಕೊಡೋ ಖರ್ಚು ಸರ್."

"ನಾನೇ ಯಾರ್ಡಿಂದ ಹೊಡ್ಕಂಡು ಹೋಗ್ತೀನಿ, ತೊಳೆಯಾಕೆ ನಂದೇ ಪೈಪು ಐತೆ. ಹೊಡೆದು ಹಾಕು."

ಅವಳು ನಕ್ಕು ಹೊಡೆದು ಹಾಕಿದಳು. ಚಾಪೆ, ಕ್ರೋಮು, ದಿಂಬು ಅಂತ ಇಪ್ಪತ್ತೆಂಟು ಸಾವಿರದ ಸಾಮಾನು ಪಟ್ಟಿ ಇತ್ತು, ಅದೂ ಹೋಯಿತು. ಇನ್ಶೂರೆನ್ಸನ್ನು ಹೊರಗೆ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಹಿರಿಯೂರಿನ ಏಜೆಂಟನಿಗೆ ಅಲ್ಲಿಂದಲೇ ಫೋನು ಹಚ್ಚಿದೆ, ಹದಿನೆಂಟು ಸಾವಿರ ಕಡಿಮೆ ಬಂತು. ಇಪ್ಪತ್ತೆರಡು ಸಾವಿರದ ಹೆಚ್ಚುವರಿ ವಾರಂಟಿ ಬೇಡವೆಂದೆ. ಮೊದಲನೇ ದಿನಕ್ಕೆ ಇಷ್ಟು ಸಾಕು. ಎರಡನೇ ದಿನ ಮುಖ ತೋರಿಸಬಾರದು, ಅದೂ ನಮ್ಮ ಕಸುಬಿನ ಲೆಕ್ಕ. ಬುಧವಾರ ಬರುತ್ತೇನೆಂದು ಹೇಳಿ, ಬಿಳಿ ಗಾಡಿಯ ಬಾನೆಟ್ಟು ತಟ್ಟಿ ಹೊರಟೆ.

ಪಿಕಪ್ಪಿನಲ್ಲಿ ಅಮ್ಮ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಹೆಂಡತಿ ಮಾತ್ರ, "ಅತ್ತೆ, ಅವರು ವ್ಯಾಪಾರಕ್ಕೆ ಹಂಗಂದ್ರು, ಅದೇ ತರ್ತಾರೆ ಬಿಡ್ರಿ," ಎಂದು ಸಮಾಧಾನ ಹೇಳಿದಳು.

ಬುಧವಾರ ಒಬ್ಬನೇ ಹೋದೆ. ಅವತ್ತಿನಷ್ಟು ಖುಷಿಯಾಗಿ ನಾನು ಯಾವ ಸಂತೆಯಲ್ಲೂ ವ್ಯಾಪಾರ ಮಾಡಿಲ್ಲ. ಹಳೆ ಸ್ಟಾಕಿನ ರಿಯಾಯಿತಿ ಅರವತ್ತು ಸಾವಿರ, ಸರ್ಕಾರಿ ನೌಕರರದ್ದು ಹತ್ತು ಸಾವಿರ, ಸೋಮವಾರದ್ದೂ ಸೇರಿ ಎಲ್ಲ ಕಳೆದು ಹದಿನೇಳು ಲಕ್ಷ ಮೂವತ್ತು ಸಾವಿರಕ್ಕೆ ಬಂತು. ಅಲ್ಲಿಂದ ಕೆಳಗೆ ಇಳಿಯಬೇಕಾದರೆ ಮ್ಯಾನೇಜರ್ ಸರ್ ಒಪ್ಪಬೇಕು ಎಂದು ಮೇಡಂ ಗಾಜಿನ ಕೋಣೆಗೆ ಹೋದಳು. ಒಳಗೆ ಮ್ಯಾನೇಜರ್ ಫೋನಿನಲ್ಲಿ ಏನೋ ನೋಡಿಕೊಂಡು ತಲೆ ಆಡಿಸುತ್ತಿದ್ದ. ನಮ್ಮಲ್ಲಿ ಕುರಿ ಮಾರುವವನೂ, "ಮನೇಲಿ ಅಣ್ಣನ್ನ ಕೇಳಬೇಕು," ಎಂದು ಮರದ ಹಿಂದೆ ಹೋಗಿ ಬೀಡಿ ಸೇದಿ ಬರುತ್ತಾನೆ. ನಾನು ಮೂರು ಸಲ ಎದ್ದು ಹೊರಟೆ, ಮೂರು ಸಲವೂ ಬಾಗಿಲ ಹತ್ತಿರ ಕರೆದರು. ನಾಲ್ಕನೇ ಸಲ ಮ್ಯಾನೇಜರೇ ಬಂದು, "ಹದಿನೇಳು ಹನ್ನೆರಡು. ಇದು ಕೊನೇದು ಯಜಮಾನ್ರೆ," ಎಂದ.

ನನಗೆ ಒಳಗೊಳಗೇ ಕುಣಿಯುವ ಹಾಗಾಯಿತು. ಇನ್ನು ಹನ್ನೆರಡು ಸಾವಿರ ತಾನೆ, ಗಾಡಿ ಬದಲಾಯಿಸುವ ನೆಪದಲ್ಲಿ ಅದನ್ನೂ ಕೆಡವಬಹುದು. ಎದ್ದು ನಿಂತು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಎಷ್ಟೋ ವರ್ಷದಿಂದ ಆಡುತ್ತಾ ಬಂದಿರುವ ಮಾತನ್ನೇ ಆಡಿದೆ. "ಹೋಗ್ಲಿ ಬಿಡಮ್ಮ. ಹದಿನೇಳಕ್ಕೆ ಆ ಪಾಚಿ ಬಣ್ಣದ್ದೇ ಕೊಡು. ಹೆಂಗೂ ಯಾರೂ ತಗಳಲ್ಲ ಅದನ್ನ."

ಮೇಡಂ ಮುಖದ ನಗು ನಿಂತುಹೋಯಿತು. "ಅಣ್ಣ, ಹಸಿರು ನಿನ್ನೆ ಬುಕ್ ಆಯ್ತು," ಎಂದಳು.

"ಯಾರಿಗೆ?" ಎಂದೆ.

"ಹೊಸದುರ್ಗದೋರು ಒಬ್ರು, ಕೊಬ್ಬರಿ ವ್ಯಾಪಾರದೋರು. ಇಪ್ಪತ್ತೈದು ಸಾವಿರ ಕಟ್ಟಿ ಹೋದ್ರು. ನಿಮಗೆ ಹಸಿರು ಬೇಕಿತ್ತಾ? ನೀವೇ ಅಲ್ವಾ ಪಾಚಿ ಅಂದಿದ್ದು? ನಾನು ಬರ್ಕಂಡೂ ಇದೀನಿ ನೋಡ್ರಿ." ಅವಳ ಫೋನಿನಲ್ಲಿ ನನ್ನ ಹೆಸರಿನ ಮುಂದೆ ಅಚ್ಚುಕಟ್ಟಾಗಿ ಬರೆದಿತ್ತು: ಹಸಿರು ಬೇಡವೇ ಬೇಡ.

ಕುರಿ ಸಂತೆಯಲ್ಲಿ ನಾನು ಓರೆಗಣ್ಣಿನಲ್ಲಿ ನೋಡಿದ್ದು ಎದುರಿನವನಿಗೆ ಗೊತ್ತಾಗಿಯೇ ಇರುತ್ತದೆ. ಅವನೂ ಅದೇ ಕಸುಬಿನವನು, ನನ್ನ ಬಯ್ಗುಳವನ್ನು ತಿರುಗಿಸಿ ಓದಿಕೊಳ್ಳುತ್ತಾನೆ. ಇಲ್ಲಿ ಈ ಹೆಣ್ಣುಮಗಳು ನಾನು ಹೇಳಿದ್ದನ್ನು ಹೇಳಿದ ಹಾಗೇ ನಂಬಿದ್ದಳು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಡ್ಯೂಟಿ ಸೀರೆಯಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. "ಎರಡು ದಿನ ಅಲ್ಲಿ ಕೂತು ಬಂದ್ರಿ. ನಮಗೆ ಬೇಕಾಗಿದ್ದು ಇದು ಅಂತ ಒಂದ್ಸಲನಾದ್ರೂ ಬಾಯ್ಬಿಟ್ಟು ಹೇಳಿದ್ರಾ?" ಎಂದಳು. "ಹಂಗೆ ಹೇಳಿದ್ರೆ ರೇಟು ಇಳಿಸಲ್ಲ ಕಣೆ," ಎಂದೆ. "ಹೇಳದೇ ಇದ್ದಿದ್ದಕ್ಕೆ ಗಾಡೀನೇ ಹೋಯ್ತಲ್ಲ," ಎಂದು ಒಳಗೆ ಹೋದಳು. ಜಗಲಿಯ ಮೇಲಿದ್ದ ಅಮ್ಮ, "ಬಿಳೀದೇ ತರ್ರಿ. ನನ್ನ ಎತ್ತಿ ಕೂರಿಸಿದ್ರೆ ಆಯ್ತು," ಎಂದಳು. ಕೈ ಹಿಡಿಯಲು ಒಪ್ಪದ ಹೆಂಗಸು ಆ ಮಾತು ಹೇಳಿದ್ದು ನನಗೆ ತಡೆಯಲು ಆಗಲಿಲ್ಲ. ನಾಚಿಕೆಯೂ ಆಯಿತು, ಹಟವೂ ಬಂತು.

ಗುರುವಾರ ಶೋರೂಮು ತೆರೆಯುವ ಹೊತ್ತಿಗೆ ಬಾಗಿಲಲ್ಲಿದ್ದೆ. ಮೇಡಂ ಹತ್ತಿರ ಕೂತು ಎಲ್ಲ ಹೇಳಿದೆ. ಅಮ್ಮನ ಕಾಲು, ಆ ಕುರ್ಚಿಗಳ ನಡುವಿನ ಸಂದು, ಹದಿನೇಳು ಲಕ್ಷ, ಪಾಚಿ ಅಂದದ್ದು ಸುಳ್ಳು. ಹೇಳುವಾಗ ಮೈಮೇಲೆ ಬಟ್ಟೆ ಇಲ್ಲದೆ ಸಂತೆಯಲ್ಲಿ ನಿಂತ ಹಾಗೆ ಅನಿಸುತ್ತಿತ್ತು. ಅವಳು ಗಲ್ಲದ ಮೇಲೆ ಕೈಯಿಟ್ಟು ಕೇಳಿ, "ಇಷ್ಟೇನಾ ಅಣ್ಣ? ಸೋಮವಾರನೇ ಹೇಳಿದ್ರೆ ನಾನು ಅದನ್ನ ನಿಮಗೆ ಎತ್ತಿ ಇಡ್ತಿದ್ದೆ," ಎಂದಳು. ಬುಕ್ ಮಾಡಿದವರಿಗೆ ಅಲ್ಲಿಂದಲೇ ಫೋನು ಮಾಡಿ, ಒಬ್ಬರು ಮಾತಾಡಬೇಕಂತೆ, ಬರಬಹುದಾ ಎಂದು ಕೇಳಿದಳು. "ಬರ್ರಿ ಬರ್ರಿ, ಕೊಬ್ಬರಿ ಮಂಡೀಲೇ ಇರ್ತೀನಿ," ಎಂದಿತು ಆ ಕಡೆಯ ದನಿ. "ಅವರ ಮನಸ್ಸಿನಾಗೆ ಏನೈತೆ ಅಂತ ಅವರ ಬಾಯಿಂದಲೇ ಕೇಳ್ರಿ ಅಣ್ಣ, ಬುಕ್ ಆದ ಗಾಡಿ ಬಗ್ಗೆ ನಾನು ಮಾತಾಡಿದ್ರೆ ಮ್ಯಾನೇಜರ್ ಸರ್ ಬೈತಾರೆ," ಎಂದಳು ಮೇಡಂ.

ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ನಾನು ಒಳ್ಳೆಯವನಾಗಿಯೇನೂ ಇರಲಿಲ್ಲ. ಮೇಡಂ ಹತ್ತಿರ ನಿಜ ಹೇಳಿದ್ದು ಬೇರೆ ದಾರಿ ಇಲ್ಲದೆ. ಈ ಮನುಷ್ಯನಿಗೆ ಒಂದು ಕಥೆ ಕಟ್ಟಿ ಇಟ್ಟುಕೊಂಡಿದ್ದೆ. ಗಾಡಿ ವರ್ಷದಿಂದ ಬಿಸಿಲಲ್ಲಿ ನಿಂತಿದೆ, ಟೈರು ಹಳೆಯದು, ನನ್ನ ಪರಿಚಯದ ಮೆಕ್ಯಾನಿಕ್ಕು ಎಂಜಿನ್ ಶಬ್ದ ಸರಿಯಿಲ್ಲ ಅಂದ, ನಿಮ್ಮಂಥವರು ಯಾಕೆ ಸಿಕ್ಕಿಹಾಕಿಕೊಳ್ಳುತ್ತೀರಿ, ಹೀಗೆ. ಮೊದಲೆರಡು ನಿಜ, ಮೂರನೆಯದು ಹಸಿ ಸುಳ್ಳು. ಇಂಥ ಮಾತಿನಿಂದ ಎಷ್ಟೋ ವ್ಯಾಪಾರ ಮುರಿದಿದ್ದೇನೆ. ಬುಕಿಂಗ್ ರದ್ದಾದ ಕೂಡಲೇ ನಾನು ಕೈ ಹಾಕುವುದು ಎಂದು ಲೆಕ್ಕ ಹಾಕಿದ್ದೆ.

ಮಂಡಿಯಲ್ಲಿ ಕೊಬ್ಬರಿ ಚೀಲಗಳ ನಡುವೆ ಕುರ್ಚಿ ಹಾಕಿಕೊಂಡಿದ್ದ ಆ ಯಜಮಾನರಿಗೆ ಅರವತ್ತು ದಾಟಿತ್ತು, ದುಂಡನೆಯ ಆಳು. ಕೂರಿಸಿ, ಟೀ ತರಿಸಿ, ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಗಾಡಿ ವಿಚಾರ ತಾನೆ? ನಂಗೂ ಸಮಾಧಾನ ಇಲ್ಲ ಕಣ್ರಿ. ನಂಗೆ ಬೇಕಾಗಿದ್ದು ಬಿಳೀದು. ಮಧ್ಯ ಉದ್ದ ಸೀಟು ಐತಲ್ಲ, ಅದು. ಹಾಲುರಾಮೇಶ್ವರದ ಗುಡಿಗೆ ಹೊರಟ್ವಿ ಅಂದ್ರೆ ನಮ್ಮನೇಲಿ ಎಂಟು ಜನ ಹತ್ತತಾರೆ, ಮೂರು ಮೊಮ್ಮಕ್ಕಳು ಬೇರೆ. ಈ ಹಸಿರ್ನಾಗೆ ಎಲ್ಲಿ ಕೂರಿಸ್ಲಿ?"

"ಮತ್ತೆ ಯಾಕೆ ಬುಕ್ ಮಾಡಿದ್ರಿ?"

"ಏನ್ ಮಾಡಾಣ? ಹಿರಿಯೂರು ಕಡೆಯೋನು ಯಾವನೋ ಆ ಬಿಳಿ ಗಾಡಿ ಮೇಲೆ ಕುಂತವ್ನಂತೆ. ತಗಳಲ್ಲ, ಬಿಡಲ್ಲ. ಹಲ್ಲು ನೋಡ್ತಾನಂತೆ ಗಾಡೀದು. ಅದು ಮಾತಾಗೈತೆ ಸರ್, ಹಸಿರು ತಗಳ್ರಿ, ಇದೂ ಹೋದ್ರೆ ಎರಡು ತಿಂಗಳು ಕಾಯ್ಬೇಕು ಅಂದ್ರು ಶೋರೂಮಿನೋರು. ಹೆದರ್ಕಂಡು ಕಟ್ಟಿ ಬಂದೆ. ಮನೇಲಿ ಬೈಗುಳ."

ಕಟ್ಟಿಕೊಂಡು ಬಂದ ಕಥೆ ನಾಲಿಗೆಯ ತುದಿಯಲ್ಲಿತ್ತು, ಅದನ್ನು ಹೇಳಿದ್ದರೂ ಅವರು ನಂಬುತ್ತಿದ್ದರು. ಬುಕಿಂಗ್ ಬಿಡುತ್ತಿದ್ದರು, ಬಿಳಿ ಗಾಡಿ ಸಿಗುವುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ, ನನ್ನ ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಎದುರಿಗೆ ಕೂತ ಮನುಷ್ಯ ತನಗೆ ಬೇಕಾದದ್ದು ಏನು, ಹೆದರಿದ್ದು ಯಾಕೆ, ಮನೆಯಲ್ಲಿ ಬೈಸಿಕೊಂಡದ್ದು ಎಷ್ಟು ಎಂದು ಗುರುತಿಲ್ಲದವನ ಮುಂದೆ ಹರಡಿ ಕೂತಿದ್ದರು. ಅಷ್ಟೆಲ್ಲ ಹೇಳಿಯೂ ಅವರು ಏನನ್ನೂ ಕಳೆದುಕೊಂಡವರ ಹಾಗೆ ಕಾಣಲಿಲ್ಲ.

"ಯಜಮಾನ್ರೆ, ಆ ಹಿರಿಯೂರು ಕಡೆಯೋನು ನಾನೇ," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಸೋಮವಾರದಿಂದ ನಡೆದದ್ದನ್ನೆಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವರ ಹೊಟ್ಟೆ ಕುಲುಕಲು ಶುರುವಾಗಿತ್ತು, ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಲ್ಲಯ್ಯ, ನಿಂಗೆ ಬೇಡದ್ರ ಮೇಲೆ ನೀನು ಕುಂತಿದ್ದೆ, ನಂಗೆ ಬೇಡದ್ದಕ್ಕೆ ನಾನು ದುಡ್ಡು ಕಟ್ಟಿದೆ. ನಡುವೆ ಆ ಶೋರೂಮಿನೋರು ತಣ್ಣಗೆ ಅವ್ರೆ," ಎಂದರು. ನೀವು ಹೋಗಿ ನೀನು ಬಂದಿತ್ತು, ಅದು ನನಗೆ ಹಾಯೆನಿಸಿತು.

"ನೀವು ಎಷ್ಟಕ್ಕೆ ಒಪ್ಪಿದ್ರಿ?" ಎಂದು ಕೇಳಿದೆ. ಹದಿನೇಳು ಎಪ್ಪತ್ತು ಅಂದರು. ನನ್ನ ಕಸುಬು ಮತ್ತೆ ಮೈಗೆ ಬಂತು, ಆದರೆ ಈ ಸಲ ಬೇರೆ ಥರ. ಒಂದು ಕುರಿ ಕೊಳ್ಳುವವನಿಗೆ ಒಂದು ರೇಟು, ಹಿಂಡು ಕೊಳ್ಳುವವನಿಗೆ ಬೇರೆ. ನಾಳೆ ಶುಕ್ರವಾರ, ಮಾರ್ಚ್ ಮೂವತ್ತು. ಮೂವತ್ತೊಂದಕ್ಕೆ ಶೋರೂಮಿನ ವರ್ಷದ ಲೆಕ್ಕ ಮುಚ್ಚುತ್ತದೆ. ಹಳೆ ಸ್ಟಾಕು ಎರಡೂ ಒಂದೇ ದಿನ ಖಾಲಿಯಾಗುತ್ತವೆ ಅಂದರೆ ಯಾವ ಮ್ಯಾನೇಜರ್ ಬೇಡ ಅಂದಾನು? "ಇಬ್ರೂ ಜೊತೆಗೆ ಹೋಗಾಣ. ಯಾರಿಗೆ ಯಾವುದು ಬೇಕು ಅಂತ ಮೊದಲೇ ಹೇಳಿಬಿಡಾಣ. ರೇಟು ಮಾತ್ರ ಎರಡಕ್ಕೂ ಸೇರಿಸಿ ಒಂದೇ," ಎಂದೆ. ಯಜಮಾನರು ಚೀಲದ ಮೇಲೆ ಕೈ ಬಡಿದು, "ಹಂಗೆ ಆಗ್ಲಿ," ಎಂದರು.

ಶುಕ್ರವಾರ ಹನ್ನೊಂದು ಗಂಟೆಗೆ ಮ್ಯಾನೇಜರ್ ಎದುರು ನಾವಿಬ್ಬರೂ ಅಕ್ಕಪಕ್ಕ ಕೂತೆವು. ನಾನು ಟವೆಲ್ಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. "ನಂಗೆ ಹಸಿರು ಬೇಕು, ಅದು ಬಿಟ್ಟು ಬೇರೆ ಬ್ಯಾಡ. ಇವರಿಗೆ ಬಿಳಿ ಬೇಕು. ನನ್ನ ಹೆಂಡತಿ ಹತ್ರ ಇರೋದು ಹದಿನೇಳು ಲಕ್ಷ," ಎಂದು ಒಂದೇ ಉಸಿರಿಗೆ ಹೇಳಿದೆ. ಮ್ಯಾನೇಜರಿಗೆ ನಗು ಬಂತು. ಇಬ್ಬರ ಆಸೆಯೂ ಅವನ ಮೇಜಿನ ಮೇಲಿದೆ, ಇನ್ನು ಅವನಿಗೇನು ಅವಸರ. "ಹಸಿರಿಗೆ ಡಿಮ್ಯಾಂಡ್ ಜಾಸ್ತಿ ಆಗೈತೆ ನೋಡ್ರಿ. ಒಬ್ಬೊಬ್ರೇ ಬರ್ರಿ, ಮಾತಾಡಾಣ," ಎಂದ.

"ಒಬ್ಬೊಬ್ರೇ ಬರಲ್ಲ," ಎಂದರು ಯಜಮಾನರು. "ಕೊಟ್ರೆ ಎರಡೂ, ಇಲ್ದಿದ್ರೆ ಎರಡೂ ಇಲ್ಲ."

"ಸರ್, ನೀವು ಆಗಲೇ ಒಪ್ಪಿ ದುಡ್ಡು ಕಟ್ಟಿದೀರಿ."

"ಒಪ್ಪಿದ್ದು ನಿಜ. ನಂಗೆ ಬೇಕಾಗಿದ್ದು ಬೇರೆ ಅಂತ ಈ ಹೆಣ್ಣುಮಗೂಗೆ ಅವತ್ತೇ ಹೇಳಿದ್ದೆ. ಕೇಳ್ರಿ."

ಮೇಡಂ ಹೌದೆಂದು ತಲೆಯಾಡಿಸಿದಳು. ನಾನು ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಎರಡೂ ಗಾಡಿಯ ಚಾಸಿಸ್ ನಂಬರು, ಟೈರಿನ ವಾರ, ವರ್ಷ ಅದರಲ್ಲಿತ್ತು. "ಎರಡೂ ಹೋದ ಏಪ್ರಿಲ್‌ನವು. ಭಾನುವಾರ ಏಪ್ರಿಲ್ ಬಂತು ಅಂದ್ರೆ ಇವಕ್ಕೆ ವರ್ಷ ತುಂಬ್ತೈತೆ. ಆಮೇಲೆ ಬರೋ ಗಿರಾಕಿಗೆ ನೀವು ಇನ್ನೆಷ್ಟು ಬಿಡಬೇಕಾಗ್ತದೆ, ನಿಮಗೆ ಗೊತ್ತು. ನಂದೇನೂ ಮುಚ್ಚುಮರೆ ಇಲ್ಲ, ಹಸಿರು ಬಿಟ್ರೆ ನಂಗೆ ಗಾಡಿ ಇಲ್ಲ. ಆದ್ರೆ ಹದಿನೇಳರ ಮೇಲೆ ನಂಗೆ ದುಡ್ಡೂ ಇಲ್ಲ. ಎರಡೂ ನಿಜ."

ಮ್ಯಾನೇಜರ್ ಫೋನು ಹಿಡಿದು ಎದ್ದ. ಈ ಸಲ ಗಾಜಿನ ಕೋಣೆಯಲ್ಲಿ ಅವನು ನಿಜವಾಗಿಯೂ ಮಾತಾಡುತ್ತಿದ್ದ, ಕೈ ಆಡಿಸುತ್ತಿದ್ದ, ಕ್ಯಾಲ್ಕುಲೇಟರ್ ಒತ್ತುತ್ತಿದ್ದ. ಅರ್ಧ ಗಂಟೆ. ಕುರಿ ವ್ಯಾಪಾರದಲ್ಲಿ ಎಂದೂ ಆಗದಷ್ಟು ನನಗೆ ಭಯವಾಗಿತ್ತು, ಯಾಕೆಂದರೆ ಓಡಿಹೋಗಲು ನಾನು ಯಾವ ಸಂದಿಯನ್ನೂ ಬಿಟ್ಟುಕೊಂಡಿರಲಿಲ್ಲ. ಯಜಮಾನರು ಅಷ್ಟರಲ್ಲಿ ಎರಡು ಟೀ ಕುಡಿದು, ಮೇಡಂ ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸಿ ಮುಗಿಸಿದ್ದರು.

ಮ್ಯಾನೇಜರ್ ಬಂದು ಕಾಗದ ತಿರುಗಿಸಿ ತೋರಿಸಿದ. ಎರಡೂ ಸೇರಿ ಮೂವತ್ತಮೂರು ಲಕ್ಷ ತೊಂಬತ್ತಾರು ಸಾವಿರ. ತಲೆಗೆ ಹದಿನಾರು ತೊಂಬತ್ತೆಂಟು. "ಇಬ್ರೂ ಇವತ್ತೇ ದುಡ್ಡು ಹಾಕಿದ್ರೆ," ಎಂದ. ಯಜಮಾನರು ಮೇಜಿನ ಕೆಳಗೆ ನನ್ನ ತೊಡೆ ಗಿಲ್ಲಿದರು. ಅವರಿಗೆ ಎಪ್ಪತ್ತೆರಡು ಸಾವಿರ ಉಳಿದಿತ್ತು. ಹೊರಗೆ ಬಂದು ನನ್ನ ಜೇಬಿಗೆ ಐದು ಸಾವಿರ ತುರುಕಲು ನೋಡಿದರು, ದಲ್ಲಾಳಿ ಅಂದಮೇಲೆ ತಗೋಬೇಕು ಎಂದು. ನಾನು ಅವರ ಕೈ ಹಿಡಿದು ವಾಪಸು ಕೊಟ್ಟೆ. ಅವರ ಹಸಿರು ನನಗೆ ಸಿಕ್ಕಿತ್ತು, ಅದರ ಮೇಲೆ ಕಮಿಷನ್ ತೆಗೆದುಕೊಳ್ಳುವಷ್ಟು ನಾನು ಕೆಟ್ಟಿರಲಿಲ್ಲ.

ಹೆಂಡತಿಗೆ ಫೋನು ಮಾಡಿ ಮೊತ್ತ ಹೇಳಿದೆ. "ಯಾವ ಬಣ್ಣದ್ದು?" ಎಂದಳು. "ಹಸಿರು," ಎಂದೆ. "ಬಾಯ್ಬಿಟ್ಟು ಹೇಳಿದ್ರಾ?" ಎಂದು ಕೇಳಿದಳು. ಹೇಳಿದೆ ಎಂದೆ.

ನೋಂದಣಿ ಮುಗಿದು ಗಾಡಿ ಕೈಗೆ ಬಂದದ್ದು ಮುಂದಿನ ವಾರ. ಅಮ್ಮ ಹಿಡಿಕೆ ಹಿಡಿದು ಹತ್ತಿ, ಕಾಲು ಚಾಚಿ, ಸೆರಗು ಸರಿ ಮಾಡಿಕೊಂಡು ಕೂತಳು. ಮೊದಲು ತಾಳ್ಯಕ್ಕೇ ಎಂದು ಅಪ್ಪಣೆಯಾಯಿತು. ಸ್ಟಿಯರಿಂಗ್ ಹಿಡಿದದ್ದು ಹೆಂಡತಿ, ಪಕ್ಕದಲ್ಲಿ ನಾನು. ಚಿತ್ರದುರ್ಗ ದಾಟುವ ತನಕ ಅವಳು ಉಸಿರು ಬಿಗಿಹಿಡಿದು ಓಡಿಸಿದಳು, ರಸ್ತೆ ಖಾಲಿಯಾದ ಮೇಲೆ ಹೆಗಲು ಸಡಿಲಾಯಿತು.

"ನಿಜ ಹೇಳ್ರಿ," ಎಂದಳು. "ಈ ಬಣ್ಣ ನಿಮಗೂ ಇಷ್ಟನಾ, ಇಲ್ಲ ನನಗೋಸ್ಕರ ಸುಮ್ನಿದೀರಾ?"

"ಮೊದಲನೇ ದಿನಾನೇ ಇಷ್ಟ ಆಗಿತ್ತು."

ಅವಳು ಗೇರು ಬದಲಾಯಿಸಿದಳು. "ನನ್ನ ನೋಡಾಕೆ ಬಂದಾಗ ನೀವು ಅರ್ಧ ಗಂಟೆ ನಮ್ಮನೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ಕುಂತಿದ್ರಿ," ಎಂದಳು. "ಒಂದ್ಸಲನೂ ನನ್ನ ಕಡೆ ತಿರುಗಲಿಲ್ಲ. ಈ ಗಂಡು ಒಪ್ಪಲ್ಲ ಅಂತ ಒಳಗೆ ಹೋಗಿ ಅತ್ತಿದ್ದೆ. ಒಪ್ಪಿಗೆ ಬಂದಾಗ, ಮನೆಯೋರು ಹೇಳಿದ್ದಕ್ಕೆ ಒಪ್ಪಿರಬೇಕು ಅಂದ್ಕಂಡೆ. ಇವತ್ತಿನ ತನಕ ಹಂಗೇ ಅಂದ್ಕಂಡಿದೀನಿ."

ಹಿಂದಿನ ಕುರ್ಚಿಯಲ್ಲಿ ಅಮ್ಮನೂ ಕಿವಿಗೊಟ್ಟಿದ್ದಾಳೆಂದು ಗೊತ್ತಿತ್ತು. ಆದರೂ ಹೆಂಡತಿಯ ಕಡೆ ತಿರುಗಿ, ನೇರವಾಗಿ ಅವಳ ಮುಖವನ್ನೇ ನೋಡುತ್ತಾ ಹೇಳಿದೆ.

"ಆ ಕ್ಯಾಲೆಂಡರಿನಾಗೆ ಏನು ಚಿತ್ರ ಇತ್ತು ಅಂತ ಕೇಳು. ನಂಗೆ ಗೊತ್ತಿಲ್ಲ."